ಲ್ಯಾಪ್‌ಟಾಪ್‌ಗೆ ದೊಡ್ಡ ಮಾನಿಟರ್ ಜೋಡಿಸುವುದು: ಬಳ್ಳಾರಿ ಕಡೆಯವರಿಗೊಂದು ಸಮಗ್ರ ಮಾರ್ಗದರ್ಶಿ

ಮಾನಿಟರ್ ತರಬೇಕು ಅಂದ ಕೂಡಲೇ ಎಲ್ಲರೂ ಮೊದಲು ಕೇಳುವುದು ‘ಯಾವ ಕಂಪನಿ, ಎಷ್ಟು ಇಂಚು’ ಅಂತ. ಅದು ಆಮೇಲಿನ ಮಾತು. ನಿಮ್ಮ ಲ್ಯಾಪ್‌ಟಾಪ್‌ನ ಪಕ್ಕದಲ್ಲಿ ಯಾವ ಯಾವ ಪೋರ್ಟ್ ಇವೆ? ನೀವು ಕೂರುವ ಕಡೆಯಿಂದ ಗೋಡೆವರೆಗೆ ಟೇಬಲ್ ಎಷ್ಟಿದೆ? ಆ ರೂಮಿನ ಪ್ಲಗ್ಗಿಗೆ ಅರ್ತಿಂಗ್ ಇದೆಯಾ? ಈ ಮೂರು ಗೊತ್ತಿದ್ದರೆ ಮಾನಿಟರ್ ಆರಿಸುವುದು ಹತ್ತು ನಿಮಿಷದ ಕೆಲಸ. ಗೊತ್ತಿಲ್ಲದೆ ತಂದರೆ ಮಾನಿಟರ್ ಎಷ್ಟೇ ಚೆನ್ನಾಗಿದ್ದರೂ ಅಕ್ಷರ ಮಸುಕು, ಕುತ್ತಿಗೆ ನೋವು, ಕೇಬಲ್ ಹುಡುಕಾಟ.

ಇದನ್ನು ಬಳ್ಳಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ರಾಯಚೂರು, ಕೊಪ್ಪಳದವರಿಗೂ ಹೊಂದುತ್ತದೆ. ಬಿಸಿಲು, ಧೂಳು, ಜೆಸ್ಕಾಂ ಕರೆಂಟು ನಮಗೆಲ್ಲ ಒಂದೇ ಅಲ್ವಾ.

ಮೊದಲ ಹೆಜ್ಜೆ: ಲ್ಯಾಪ್‌ಟಾಪ್‌ನ ಪಕ್ಕ ನೋಡಿ

ಲ್ಯಾಪ್‌ಟಾಪ್ ಎತ್ತಿ ಎರಡೂ ಬದಿ ನೋಡಿ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ಇರುತ್ತದೆ. ಟಿವಿಗೆ ಸೆಟ್‌ಟಾಪ್ ಬಾಕ್ಸ್ ಹಾಕುತ್ತೀರಲ್ಲ, ಅದೇ. ಇದಿದ್ದರೆ ತಲೆಬಿಸಿ ಇಲ್ಲ.

ತಲೆಬಿಸಿ ಶುರುವಾಗುವುದು ಟೈಪ್-ಸಿ ಪೋರ್ಟ್ ಮಾತ್ರ ಇರುವ ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ. ಟೈಪ್-ಸಿ ಪೋರ್ಟ್‌ಗಳೆಲ್ಲ ನೋಡಲು ಒಂದೇ ಥರ. ಆದರೆ ಎಲ್ಲದರಲ್ಲೂ ಚಿತ್ರ ಬರುವುದಿಲ್ಲ. ಕೆಲವು ಬರೀ ಪೆನ್‌ಡ್ರೈವ್‌ಗೆ, ಕೆಲವು ಚಾರ್ಜಿಂಗ್‌ಗೆ. ಪೋರ್ಟ್ ಪಕ್ಕದಲ್ಲಿ ಮಿಂಚಿನ ಗುರುತು ಇದ್ದರೆ ಅದು ಸಾಮಾನ್ಯವಾಗಿ ಥಂಡರ್‌ಬೋಲ್ಟ್ ಅನ್ನುವ ವೇಗದ ಪೋರ್ಟ್, ಅದರಲ್ಲಿ ಚಿತ್ರ ಖಂಡಿತ ಬರುತ್ತದೆ. ಇಂಗ್ಲಿಷಿನ ‘ಡಿ’ ಆಕಾರದ ಡಿಸ್‌ಪ್ಲೇ ಪೋರ್ಟ್ ಗುರುತು ಇದ್ದರೂ ಬರುತ್ತದೆ. ಏನೂ ಗುರುತಿಲ್ಲದಿದ್ದರೆ ಲ್ಯಾಪ್‌ಟಾಪ್‌ನ ಮಾಡೆಲ್ ನಂಬರ್ ಹಾಕಿ ಕಂಪನಿಯ ವೆಬ್‌ಸೈಟ್‌ನಲ್ಲಿ ವಿವರ ನೋಡಿ. ಅಲ್ಲಿ ‘ಡಿಸ್‌ಪ್ಲೇ ಪೋರ್ಟ್ ಆಲ್ಟ್ ಮೋಡ್’ ಅಂತ ಬರೆದಿದ್ದರೆ ಸರಿ.

ಹಳೆಯ ಲ್ಯಾಪ್‌ಟಾಪ್‌ನಲ್ಲಿ ವಿಜಿಎ ಇರಬಹುದು, ಅದೇ ನೀಲಿ ಬಣ್ಣದ, ಎರಡು ಸ್ಕ್ರೂ ಇರುವ ಪೋರ್ಟ್. ಕೆಲಸ ನಡೆಯುತ್ತದೆ, ಆದರೆ ಅಕ್ಷರ ಎಚ್‌ಡಿಎಂಐನಷ್ಟು ಚೂಪಾಗಿ ಬರುವುದಿಲ್ಲ. ಎರಡೂ ಇದ್ದರೆ ವಿಜಿಎ ಕಡೆ ನೋಡಲೇಬೇಡಿ.

ಮ್ಯಾಕ್‌ಬುಕ್ ಇರುವವರಿಗೆ ಒಂದು ಮಾತು. ಎಂ1, ಎಂ2 ಚಿಪ್‌ನ ಮ್ಯಾಕ್‌ಬುಕ್ ಏರ್‌ಗೆ ನೇರವಾಗಿ ಒಂದೇ ಹೊರಗಿನ ಮಾನಿಟರ್ ಜೋಡಿಸಬಹುದು. ಎರಡು ತಂದಿಟ್ಟುಕೊಂಡು ಆಮೇಲೆ ಬೇಜಾರಾಗಬೇಡಿ.

ಎರಡನೇ ಹೆಜ್ಜೆ: ಟೇಪ್ ಹಿಡಿದು ಟೇಬಲ್ ಅಳೆಯಿರಿ

ಕಣ್ಣಿಗೂ ಮಾನಿಟರ್‌ಗೂ ನಡುವೆ ಒಂದು ಕೈಯಳತೆ ಇರಬೇಕು, ಅಂದರೆ 50ರಿಂದ 70 ಸೆಂಟಿಮೀಟರ್. ಮಾನಿಟರ್‌ನ ಸ್ಟ್ಯಾಂಡ್ ತಾನೇ ಸುಮಾರು 20 ಸೆಂಟಿಮೀಟರ್ ಜಾಗ ತಿನ್ನುತ್ತದೆ. ಮುಂದೆ ಕೀಬೋರ್ಡ್ ಇಡಬೇಕು. ನಮ್ಮ ಮನೆಗಳಲ್ಲಿ ಮಕ್ಕಳ ಓದಿಗೆ ಅಂತ ಮಾಡಿಸಿದ ಒಂದೂವರೆ ಅಡಿ ಟೇಬಲ್ ಇದಕ್ಕೆ ಸಾಲದು. ಎರಡು ಅಡಿ ಬೇಕೇ ಬೇಕು, ಎರಡೂವರೆ ಇದ್ದರೆ ಆರಾಮ.

ಟೇಬಲ್ ಬದಲಿಸಲು ಆಗದಿದ್ದರೆ ಟೇಬಲ್ ಅಂಚಿಗೆ ಬಿಗಿಯುವ ಮಾನಿಟರ್ ಆರ್ಮ್ ಇದೆ. ಆದರೆ ಎಚ್ಚರ. ಗೋಡೆಗೆ ಕೂರಿಸಿದ ಕಡಪಾ ಕಲ್ಲನ್ನೇ ಟೇಬಲ್ ಮಾಡಿಕೊಂಡ ಮನೆಗಳು ಇಲ್ಲಿ ಬಹಳ. ಕ್ಲ್ಯಾಂಪ್‌ನ ಬಿಗಿತ ಒಂದೇ ಜಾಗಕ್ಕೆ ಬಿದ್ದರೆ ಕಡಪಾ ಕಲ್ಲು ಅಂಚಿನಲ್ಲಿ ಸೀಳಬಹುದು. ಕಲ್ಲಿನ ಟೇಬಲ್‌ಗೆ ಆರ್ಮ್ ಬೇಡ. ಗೋಡೆಗೆ ಹಾಕುವ ಬ್ರಾಕೆಟ್ ಹಾಕಿಸಿ. ಅದಕ್ಕಾಗಿ ಮಾನಿಟರ್ ಬೆನ್ನಲ್ಲಿ ನಾಲ್ಕು ಸ್ಕ್ರೂ ತೂತು ಇವೆಯಾ ನೋಡಿ. ತೂತಿನಿಂದ ತೂತಿಗೆ 75 ಅಥವಾ 100 ಮಿಲಿಮೀಟರ್ ಇರುತ್ತದೆ, ಇದನ್ನು ವೆಸಾ ಮೌಂಟ್ ಅನ್ನುತ್ತಾರೆ. ತೀರಾ ಕಡಿಮೆ ಬೆಲೆಯ ಕೆಲವು ಮಾಡೆಲ್‌ಗಳಲ್ಲಿ ಇದು ಇರುವುದಿಲ್ಲ.

ಮೂರನೇ ಹೆಜ್ಜೆ: ಇಂಚು ಮತ್ತು ರೆಸಲ್ಯೂಷನ್ ಒಟ್ಟಿಗೆ ನೋಡಿ

ಹೆಚ್ಚಿನ ಜನ ಎಡವುವುದು ಇಲ್ಲೇ. ‘27 ಇಂಚು, ಫುಲ್ ಎಚ್‌ಡಿ, ಆಫರ್‌ನಲ್ಲಿದೆ’ ಅಂದರೆ ಆಸೆ ಆಗುವುದು ಸಹಜ. ಲೆಕ್ಕ ನೋಡಿ. ರೆಸಲ್ಯೂಷನ್ ಅಂದರೆ ಸ್ಕ್ರೀನಿನಲ್ಲಿ ಅಡ್ಡ, ಉದ್ದ ಎಷ್ಟೆಷ್ಟು ಚುಕ್ಕೆ ಅನ್ನುವುದು; ಫುಲ್ ಎಚ್‌ಡಿ ಅಂದರೆ 1920 ಗುಣಿಸು 1080. 15.6 ಇಂಚಿನ ಫುಲ್ ಎಚ್‌ಡಿ ಲ್ಯಾಪ್‌ಟಾಪ್‌ನಲ್ಲಿ ಒಂದು ಇಂಚಿಗೆ ಸುಮಾರು 141 ಚುಕ್ಕೆ. ಅದೇ ಫುಲ್ ಎಚ್‌ಡಿ 24 ಇಂಚಿಗೆ ಹರಡಿದರೆ 92. 27 ಇಂಚಿಗೆ ಹರಡಿದರೆ 82ಕ್ಕೆ ಇಳಿಯುತ್ತದೆ. ಸಿನಿಮಾ ನೋಡಲು ಏನೂ ತೊಂದರೆ ಇಲ್ಲ. ಓದುವಾಗ ಗೊತ್ತಾಗುತ್ತದೆ.

ಅದರಲ್ಲೂ ಕನ್ನಡ ಓದುವವರಿಗೆ. ಇಂಗ್ಲಿಷ್ ಅಕ್ಷರ ಸಣ್ಣದಾದರೂ ನಾಲ್ಕು ಗೆರೆಯಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಅಕ್ಷರದ ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ, ಮೇಲೆ ತಲೆಕಟ್ಟು. 82 ಚುಕ್ಕೆಯ ಸ್ಕ್ರೀನಿನಲ್ಲಿ ಸಣ್ಣ ಅಕ್ಷರದ ಪಿಡಿಎಫ್ ತೆರೆದು ‘ಅಭ್ಯರ್ಥಿ’ ಅನ್ನುವ ಪದ ಹುಡುಕಿ ನೋಡಿ. ಯ ಒತ್ತು ಮೇಲಿನ ಅಕ್ಷರಕ್ಕೆ ಅಂಟಿಕೊಂಡು, ಅರ್ಕಾವೊತ್ತು ಬರೀ ಕಲೆಯಂತೆ ಕಾಣುತ್ತದೆ. ದಿನವಿಡೀ ಕನ್ನಡ ಫೈಲ್ ಓದುವವರು, ಟೈಪ್ ಮಾಡುವವರು ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬೇಕು.

ನನ್ನ ಸಲಹೆ ಸರಳ. ಫುಲ್ ಎಚ್‌ಡಿ ಸಾಕು ಅನ್ನುವವರು 24 ಇಂಚಿಗೆ ನಿಲ್ಲಿ. 27 ಇಂಚೇ ಬೇಕು ಅಂದರೆ ಕ್ಯೂಎಚ್‌ಡಿ ತಗೊಳ್ಳಿ, ಅಂದರೆ 2560 ಗುಣಿಸು 1440. ಅದರಲ್ಲಿ ಇಂಚಿಗೆ ಸುಮಾರು 109 ಚುಕ್ಕೆ ಬರುತ್ತದೆ. 4ಕೆ ಇನ್ನೂ ಚೂಪು, ಆದರೆ ಹಳೆಯ ಲ್ಯಾಪ್‌ಟಾಪ್‌ಗಳ ಎಚ್‌ಡಿಎಂಐ 1.4 ಪೋರ್ಟ್ 4ಕೆಯನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸುತ್ತದೆ. ಮೌಸ್ ಎಳೆದರೆ ಹಿಂದೆ ಹಿಂದೆ ಬಂದಂತೆ ಆಗುತ್ತದೆ. 60 ಸಲ ಬೇಕಾದರೆ ಎಚ್‌ಡಿಎಂಐ 2.0 ಇರಬೇಕು.

ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಭಾಗದ ವಿಷಯದಲ್ಲಿ ಐಪಿಎಸ್ ಅನ್ನುವ ಬಗೆ ತಗೊಳ್ಳಿ, ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಗ್ಲಾಸ್‌ನಂತೆ ಹೊಳೆಯುವ ಸ್ಕ್ರೀನ್ ಬೇಡ, ಮ್ಯಾಟ್ ಇರಲಿ. ನಮ್ಮ ಬಿಸಿಲಿಗೆ ಅದೇ ಸರಿ.

ಮನೆಯಲ್ಲಿರುವ 32 ಇಂಚಿನ ಟಿವಿಯನ್ನೇ ಹಾಕಿಕೊಳ್ಳಬಹುದಾ ಅಂತ ಬಹಳ ಜನ ಕೇಳುತ್ತಾರೆ. ಆ ಅಳತೆಯ ಟಿವಿಗಳಲ್ಲಿ ಹಲವು ಎಚ್‌ಡಿ ರೆಡಿ, ಅಂದರೆ 1366 ಗುಣಿಸು 768. ಇಂಚಿಗೆ 49 ಚುಕ್ಕೆ. ಒಂದು ಮೀಟಿಂಗ್‌ಗೆ ನಡೆಯುತ್ತದೆ, ದಿನದ ಕೆಲಸಕ್ಕಲ್ಲ.

ಅಂಗಡಿಯಲ್ಲಿ

ಆನ್‌ಲೈನ್‌ಗಿಂತ ಸ್ವಲ್ಪ ಜಾಸ್ತಿ ಆದರೂ ಊರಿನ ಅಂಗಡಿಯಲ್ಲಿ ತಗೊಳ್ಳುವುದಕ್ಕೆ ಒಂದು ಲಾಭ ಇದೆ: ನಿಮ್ಮ ಲ್ಯಾಪ್‌ಟಾಪ್ ಒಯ್ದು ಅಲ್ಲೇ ಹಾಕಿ ನೋಡಬಹುದು. “ಅಣ್ಣಾ, ಡಬ್ಬಿ ಬಿಚ್ಚಿ ಒಮ್ಮೆ ಆನ್ ಮಾಡಿ ತೋರಿಸ್ರಿ” ಅನ್ನಲು ಸಂಕೋಚ ಬೇಡ. ಪೂರ್ತಿ ಬಿಳಿ, ಪೂರ್ತಿ ಕಪ್ಪು, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಮೊಬೈಲಿನಿಂದ ಲ್ಯಾಪ್‌ಟಾಪ್‌ಗೆ ಮೊದಲೇ ಹಾಕಿಕೊಂಡು ಹೋಗಿ. ಒಂದೊಂದನ್ನೂ ಪೂರ್ತಿ ಸ್ಕ್ರೀನಿಗೆ ಹಾಕಿ. ಎಲ್ಲಾದರೂ ಒಂದು ಚುಕ್ಕೆ ಬಣ್ಣ ಬದಲಿಸದೆ ಹಾಗೇ ನಿಂತಿದ್ದರೆ ಬೇರೆ ಪೀಸ್ ಕೇಳಿ. ಮನೆಗೆ ಬಂದ ಮೇಲೆ ಒಂದು ಚುಕ್ಕೆಗೆಲ್ಲ ಕಂಪನಿಯವರು ಬದಲಿಸಿ ಕೊಡುವುದು ಕಷ್ಟ.

ಡಬ್ಬಿಯಲ್ಲಿ ಯಾವ ಕೇಬಲ್ ಇದೆ ಕೇಳಿ. ಜೀನ್ಸ್ ಯೂನಿಟ್ ಅಥವಾ ಅಂಗಡಿ ನಡೆಸುವವರು ಜಿಎಸ್‌ಟಿ ನಂಬರ್ ಹಾಕಿಸಿ ಬಿಲ್ ತಗೊಳ್ಳಿ. ವಾರಂಟಿಗೂ ಅದೇ ಬಿಲ್ ಬೇಕು.

ನಾಲ್ಕನೇ ಹೆಜ್ಜೆ: ಕೇಬಲ್

ಎಚ್‌ಡಿಎಂಐನಿಂದ ಎಚ್‌ಡಿಎಂಐಗೆ ಒಂದೂವರೆ ಅಥವಾ ಎರಡು ಮೀಟರ್ ಸಾಕು. ಸುಮ್ನೆ ಐದು ಮೀಟರ್ ತಂದು ಸುತ್ತಿ ಇಡಬೇಡಿ.

ಟೈಪ್-ಸಿಯಿಂದ ಎಚ್‌ಡಿಎಂಐಗೆ ಸಿಗುವ ಕೇಬಲ್‌ಗಳು ಸಾಮಾನ್ಯವಾಗಿ ಒಂದೇ ದಿಕ್ಕಿನವು: ಲ್ಯಾಪ್‌ಟಾಪ್ ಕಡೆ ಟೈಪ್-ಸಿ, ಮಾನಿಟರ್ ಕಡೆ ಎಚ್‌ಡಿಎಂಐ. ತಿರುಗಿಸಿ ಹಾಕಿದರೆ ಕೆಲಸ ಮಾಡದು. ಹಾಗೇ ಮೊಬೈಲ್ ಚಾರ್ಜರ್ ಜತೆ ಬರುವ ಟೈಪ್-ಸಿ ಕೇಬಲ್‌ನಿಂದ ಸಾಮಾನ್ಯವಾಗಿ ಚಿತ್ರ ಬರುವುದಿಲ್ಲ. ಟೈಪ್-ಸಿ ಪೋರ್ಟ್ ಇರುವ ಮಾನಿಟರ್ ತಂದಿದ್ದರೆ ಅದರ ಡಬ್ಬಿಯ ಕೇಬಲ್ಲನ್ನೇ ಬಳಸಿ. ಇಂಥ ಮಾನಿಟರ್‌ಗಳಲ್ಲಿ ಕೆಲವು ಅದೇ ಕೇಬಲ್‌ನಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಕೂಡ ಮಾಡುತ್ತವೆ. ನಿಮ್ಮ ಚಾರ್ಜರ್ ಮೇಲೆ 65 ವ್ಯಾಟ್ ಅಂತಿದ್ದರೆ ಮಾನಿಟರ್ ಕೂಡ 65 ವ್ಯಾಟ್ ಕೊಡುವಂಥದ್ದಿರಲಿ.

ಆಫೀಸಿನವರು ಮಾರಿದ ಹಳೆಯ ವಿಜಿಎ ಮಾನಿಟರ್ ಕಡಿಮೆಗೆ ಸಿಕ್ಕಿತು ಅನ್ನಿ. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಪುಟ್ಟ ಕನ್ವರ್ಟರ್ ಬೇಕು. ಒಳಗೆ ಚಿಪ್ ಇರುವ ಕನ್ವರ್ಟರ್ ಆಗಿರಬೇಕು, ಬರೀ ವೈರ್ ಜೋಡಿಸಿದ ಕೇಬಲ್ ನಡೆಯದು.

ಐದನೇ ಹೆಜ್ಜೆ: ಕರೆಂಟು. ಇದನ್ನು ಹಾರಿಸಬೇಡಿ

ಚಾರ್ಜ್ ಆಗುತ್ತಿರುವ ಲ್ಯಾಪ್‌ಟಾಪ್‌ನ ಲೋಹದ ಭಾಗದ ಮೇಲೆ ಬೆರಳ ಹಿಂಬದಿಯನ್ನು ಹಗುರವಾಗಿ ಸವರಿದಾಗ ‘ಜುಂ’ ಅಂತ ಅನ್ನಿಸಿದೆಯಾ? ಎಷ್ಟೋ ಜನ ಇದನ್ನು ಲ್ಯಾಪ್‌ಟಾಪ್‌ನ ದೋಷ ಅಂದುಕೊಳ್ಳುತ್ತಾರೆ. ಬಹಳಷ್ಟು ಸಲ ಅದು ಅರ್ತಿಂಗ್ ಇಲ್ಲದ ಪ್ಲಗ್ಗಿನ ಕಥೆ. ಅಡಾಪ್ಟರ್‌ನಿಂದ ಸೋರುವ ಅತಿ ಸಣ್ಣ ಕರೆಂಟು ನೆಲಕ್ಕೆ ಹೋಗಲು ದಾರಿ ಇಲ್ಲದೆ ಲ್ಯಾಪ್‌ಟಾಪ್‌ನ ಮೈಮೇಲೆ ನಿಂತಿರುತ್ತದೆ. ಕೈಗೆ ಅಪಾಯ ಕಡಿಮೆ. ಆದರೆ ಒಂದು ಕಡೆ ಲ್ಯಾಪ್‌ಟಾಪ್, ಇನ್ನೊಂದು ಕಡೆ ಮಾನಿಟರ್, ಎರಡಕ್ಕೂ ಅರ್ತಿಂಗ್ ಇಲ್ಲ, ಎರಡೂ ಆನ್ ಇರುವಾಗಲೇ ಎಚ್‌ಡಿಎಂಐ ಚುಚ್ಚಿದರೆ ಆ ಕರೆಂಟು ಕೇಬಲ್ ಮೂಲಕ ಹರಿದು ಪೋರ್ಟ್ ಸುಡಬಹುದು. ಪೋರ್ಟ್ ಹೋದರೆ ರಿಪೇರಿ ಸಣ್ಣದಲ್ಲ.

ಹಾಗಾಗಿ ಹೀಗೆ ಮಾಡಿ:

1. ಎಲೆಕ್ಟ್ರಿಷಿಯನ್ ಕರೆಸಿ ಆ ಪ್ಲಗ್ಗಿನಲ್ಲಿ ಅರ್ತಿಂಗ್ ನಿಜವಾಗಿ ಇದೆಯಾ ನೋಡಿಸಿ. ಮೂರು ತೂತಿದ್ದ ಮಾತ್ರಕ್ಕೆ ಒಳಗೆ ವೈರ್ ಇದೆ ಅಂತಲ್ಲ.
2. ಲ್ಯಾಪ್‌ಟಾಪ್, ಮಾನಿಟರ್ ಎರಡನ್ನೂ ಒಂದೇ ಸ್ಪೈಕ್ ಬಸ್ಟರ್‌ಗೆ ಹಾಕಿ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಬೇಡಿ.
3. ಎಚ್‌ಡಿಎಂಐ ಹಾಕುವಾಗ, ತೆಗೆಯುವಾಗ ಗೋಡೆಯ ಸ್ವಿಚ್ ಆಫ್ ಮಾಡಿ.

ವೋಲ್ಟೇಜ್ ಸ್ವಲ್ಪ ಕಡಿಮೆಯಾದರೆ ಹೆದರಬೇಡಿ. ಬಹಳಷ್ಟು ಮಾನಿಟರ್‌ಗಳು 100ರಿಂದ 240 ವೋಲ್ಟ್‌ವರೆಗೆ ತಡೆದುಕೊಳ್ಳುತ್ತವೆ. ಭಯ ಇರುವುದು ಒಮ್ಮೆಲೇ ಏರುವ ವೋಲ್ಟೇಜ್‌ಗೆ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತುಬಿಡಿ.

ಯುಪಿಎಸ್ ಬೇಕಾ? ನನ್ನ ಲೆಕ್ಕದಲ್ಲಿ ಮಾನಿಟರ್‌ಗೋಸ್ಕರ ಬೇಡ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ. ಕರೆಂಟು ಹೋದರೆ ಮಾನಿಟರ್ ಆರುತ್ತದೆ, ಕೆಲಸ ಲ್ಯಾಪ್‌ಟಾಪ್ ಸ್ಕ್ರೀನಿಗೆ ಬರುತ್ತದೆ, ಫೈಲ್ ಏನೂ ಹೋಗುವುದಿಲ್ಲ. ಆ ದುಡ್ಡಿನಲ್ಲಿ ವೈಫೈ ರೂಟರ್‌ಗೆ ಪುಟ್ಟ ಯುಪಿಎಸ್ ತಗೊಳ್ಳಿ, ಮೀಟಿಂಗ್ ಕಟ್ ಆಗುವುದು ಅದರಿಂದಲೇ. ಮನೆಗೆ ಇನ್ವರ್ಟರ್ ಇದ್ದರೆ ಮಾನಿಟರ್ ಅದಕ್ಕೆ ಭಾರ ಅಲ್ಲ, 24 ಇಂಚಿನದು ಸಾಮಾನ್ಯವಾಗಿ 15ರಿಂದ 25 ವ್ಯಾಟ್ ಅಷ್ಟೇ ತಿನ್ನುತ್ತದೆ. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಹಾಕಿಡಿ, ಕರೆಂಟು ಹೋದಾಗ ಸ್ಕ್ರೀನ್ ಮಿನುಗುವುದು ಕಡಿಮೆಯಾಗುತ್ತದೆ.

ಆರನೇ ಹೆಜ್ಜೆ: ಎಲ್ಲಿಡಬೇಕು

ಕಿಟಕಿ ನಿಮ್ಮ ಎಡಕ್ಕೋ ಬಲಕ್ಕೋ ಇರಲಿ. ಬೆನ್ನ ಹಿಂದೆ ಇದ್ದರೆ ಬಿಸಿಲು ಸ್ಕ್ರೀನಿಗೆ ಬಡಿಯುತ್ತದೆ, ಎದುರಿಗಿದ್ದರೆ ಕಣ್ಣಿಗೆ.

ಮಾನಿಟರ್‌ನ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಬರಬೇಕು. ಸ್ಟ್ಯಾಂಡ್ ಎತ್ತರ ಬದಲಾಗದಿದ್ದರೆ ಜೆರಾಕ್ಸ್ ಅಂಗಡಿಯ ಎ4 ರೀಮ್ ಇಡಿ. ಬಿಚ್ಚದ ಒಂದು ರೀಮ್ ಸುಮಾರು 5 ಸೆಂಟಿಮೀಟರ್ ಎತ್ತರಿಸುತ್ತದೆ, ಅಲುಗುವುದೂ ಇಲ್ಲ. ಪಟ್ಟಿ ಕನ್ನಡಕ ಹಾಕುವವರು, ಅಂದರೆ ದೂರಕ್ಕೂ ಓದಿಗೂ ಒಂದೇ ಗ್ಲಾಸ್ ಇರುವವರು, ಇನ್ನೂ ತುಸು ಕೆಳಗಿಡಿ. ಇಲ್ಲದಿದ್ದರೆ ಗದ್ದ ಎತ್ತಿ ಎತ್ತಿ ಕುತ್ತಿಗೆ ಹಿಡಿದುಕೊಳ್ಳುತ್ತದೆ.

ಜಾಸ್ತಿ ನೋಡುವ ಸ್ಕ್ರೀನ್ ನೇರ ಎದುರಿಗೆ. ಲ್ಯಾಪ್‌ಟಾಪ್ ಪಕ್ಕಕ್ಕೆ, ಜಾಗ ಇಲ್ಲದಿದ್ದರೆ ಮಾನಿಟರ್ ಕೆಳಗೆ ಮುಂದಕ್ಕೆ. ಬೇರೆ ಕೀಬೋರ್ಡ್, ಮೌಸ್ ತಗೊಳ್ಳಿ. ಅದಿಲ್ಲದೆ ಮಾನಿಟರ್ ತಂದರೆ ಕೈ ಒಂದು ಕಡೆ, ಕುತ್ತಿಗೆ ಒಂದು ಕಡೆ.

ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಬಹಳಷ್ಟು ಮಾನಿಟರ್‌ಗಳ ಪುಸ್ತಕದಲ್ಲಿ ಬಳಸಬಹುದಾದ ತಾಪ 40 ಡಿಗ್ರಿವರೆಗೆ ಅಂತಲೇ ಬರೆದಿರುತ್ತದೆ. ಮೇಲ್ಮಹಡಿಯ ಆರ್‌ಸಿಸಿ ರೂಮಿನಲ್ಲಿ ಮಧ್ಯಾಹ್ನ ಬೆಳಕಿನ ಮಟ್ಟ ಇಳಿಸಿ, ಬೆನ್ನಿಗೆ ಗಾಳಿ ಆಡುವಂತೆ ಗೋಡೆಯಿಂದ ಒಂದು ಗೇಣು ದೂರ ಇಡಿ. ಏರ್ ಕೂಲರ್‌ನ ಗಾಳಿ ನೇರವಾಗಿ ಸ್ಕ್ರೀನಿಗೋ ಲ್ಯಾಪ್‌ಟಾಪ್‌ಗೋ ಬೀಳಬಾರದು. ಅದರಲ್ಲಿ ನೀರಿನ ತೇವ ಇರುತ್ತದೆ, ಧೂಳಿನ ಜತೆ ಸೇರಿ ಒಳಗೆ ಕೆಸರು ಕಟ್ಟುತ್ತದೆ.

ಏಳನೇ ಹೆಜ್ಜೆ: ವಿಂಡೋಸ್‌ನಲ್ಲಿ ಹೊಂದಿಸುವುದು

ಕೇಬಲ್ ಹಾಕಿ, ಮಾನಿಟರ್ ಆನ್ ಮಾಡಿ, ವಿಂಡೋಸ್ ಕೀ ಹಿಡಿದು ‘ಪಿ’ ಒತ್ತಿ. ನಾಲ್ಕು ಆಯ್ಕೆ ಬರುತ್ತವೆ. ‘ಡ್ಯೂಪ್ಲಿಕೇಟ್’ ಅಂದರೆ ಎರಡರಲ್ಲೂ ಒಂದೇ ಚಿತ್ರ. ನಿಮಗೆ ಬೇಕಾದದ್ದು ‘ಎಕ್ಸ್‌ಟೆಂಡ್’.

ಈಗ ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್‌ಪ್ಲೇ ಸೆಟ್ಟಿಂಗ್ಸ್’ ತೆರೆಯಿರಿ.

1. ‘ಐಡೆಂಟಿಫೈ’ ಒತ್ತಿ. ಎರಡೂ ಸ್ಕ್ರೀನಿನಲ್ಲಿ 1, 2 ಅಂತ ನಂಬರ್ ಬರುತ್ತದೆ.
2. ಟೇಬಲ್ ಮೇಲೆ ಹೇಗೆ ಇಟ್ಟಿದ್ದೀರೋ ಹಾಗೇ ಆ ಎರಡು ಚೌಕಗಳನ್ನು ಎಳೆದು ಕೂರಿಸಿ. ಲ್ಯಾಪ್‌ಟಾಪ್ ಕೆಳಗಿದ್ದರೆ ಚೌಕವೂ ಕೆಳಗೆ. ಹೀಗೆ ಕೂರಿಸದಿದ್ದರೆ ಮೌಸ್ ಅಂಚಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.
3. ದೊಡ್ಡ ಮಾನಿಟರ್‌ನ ಚೌಕ ಆರಿಸಿ ‘ಮೇಕ್ ದಿಸ್ ಮೈ ಮೇನ್ ಡಿಸ್‌ಪ್ಲೇ’ಗೆ ಟಿಕ್ ಹಾಕಿ.
4. ರೆಸಲ್ಯೂಷನ್‌ನಲ್ಲಿ ‘ರೆಕಮೆಂಡೆಡ್’ ಅಂತ ಇರುವುದನ್ನೇ ಬಿಡಿ. ಅಕ್ಷರ ದೊಡ್ಡದು ಬೇಕಾದರೆ ರೆಸಲ್ಯೂಷನ್ ಇಳಿಸಬೇಡಿ, ‘ಸ್ಕೇಲ್’ ಏರಿಸಿ. ಲ್ಯಾಪ್‌ಟಾಪ್‌ಗೆ 125 ಅಥವಾ 150, 24 ಇಂಚಿನ ಮಾನಿಟರ್‌ಗೆ 100 ಇಟ್ಟರೆ ಎರಡರಲ್ಲೂ ಅಕ್ಷರ ಸುಮಾರು ಒಂದೇ ಗಾತ್ರ ಕಾಣುತ್ತದೆ.
5. ‘ಅಡ್ವಾನ್ಸ್ಡ್ ಡಿಸ್‌ಪ್ಲೇ’ಯಲ್ಲಿ ರಿಫ್ರೆಶ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬರುತ್ತದೆ ಅನ್ನುವುದನ್ನು ನೋಡಿ. 75 ಅಥವಾ 100 ಹರ್ಟ್ಸ್ ಅಂತ ಕೊಂಡ ಮಾನಿಟರ್ 60ರಲ್ಲೇ ನಿಂತಿರಬಹುದು.
6. ವಿಂಡೋಸ್ 11ರಲ್ಲಿ ‘ಮಲ್ಟಿಪಲ್ ಡಿಸ್‌ಪ್ಲೇಸ್’ ಕೆಳಗೆ ವಿಂಡೋಗಳ ಜಾಗ ನೆನಪಿಡುವ ಆಯ್ಕೆ ಇದೆ, ‘ರಿಮೆಂಬರ್ ವಿಂಡೋ ಲೊಕೇಶನ್ಸ್’ ಅಂತ ಶುರುವಾಗುತ್ತದೆ. ಅದಕ್ಕೆ ಟಿಕ್ ಹಾಕಿ. ಕರೆಂಟು ಹೋಗಿ ಬಂದಾಗ ಫೈಲುಗಳು ತಮ್ಮ ಜಾಗಕ್ಕೆ ವಾಪಸ್ ಹೋಗುತ್ತವೆ. ನಮ್ಮ ಊರಿಗೆ ಹೇಳಿ ಮಾಡಿಸಿದ ಸೆಟ್ಟಿಂಗ್!

ತೆರೆದ ವಿಂಡೋವನ್ನು ಒಂದು ಸ್ಕ್ರೀನಿನಿಂದ ಇನ್ನೊಂದಕ್ಕೆ ಕಳಿಸಲು ವಿಂಡೋಸ್ ಕೀ, ಶಿಫ್ಟ್ ಎರಡನ್ನೂ ಹಿಡಿದು ಎಡ ಅಥವಾ ಬಲ ಬಾಣ ಒತ್ತಿ. ಇದೊಂದು ಬೆರಳಿಗೆ ಬಂದರೆ ಎರಡು ಸ್ಕ್ರೀನಿನ ನಿಜವಾದ ಸುಖ ಗೊತ್ತಾಗುತ್ತದೆ. ಒಂದರಲ್ಲಿ ಆರ್ಡರ್ ಬಂದ ಮೇಲ್, ಇನ್ನೊಂದರಲ್ಲಿ ಪ್ಯಾಂಟಿನ ಸೈಜ್ ಪ್ರಕಾರ ಪೀಸ್ ಲೆಕ್ಕದ ಎಕ್ಸೆಲ್. ನೋಡಿ ನೋಡಿ ತುಂಬಿಸಬಹುದು, ಪ್ರಿಂಟ್ ಬೇಡ.

ಲ್ಯಾಪ್‌ಟಾಪ್ ಮುಚ್ಚಿ ಮಾನಿಟರ್ ಮಾತ್ರ ಬಳಸುವವರು ಕಂಟ್ರೋಲ್ ಪ್ಯಾನೆಲ್‌ನ ‘ಪವರ್ ಆಪ್ಷನ್ಸ್’ನಲ್ಲಿ, ಮುಚ್ಚಳ ಮುಚ್ಚಿದಾಗ ‘ಡು ನಥಿಂಗ್’ ಅಂತ ಇಡಿ. ಪ್ಲಗ್ ಹಾಕಿದಾಗ ಅನ್ನುವ ಕಾಲಮ್ಮಿಗೆ ಮಾತ್ರ. ಬ್ಯಾಟರಿ ಕಾಲಮ್ಮಿಗೂ ಹಾಕಿದರೆ ಬ್ಯಾಗಿನೊಳಗೆ ಆನ್ ಇದ್ದೇ ಕಾಯುತ್ತದೆ. ಆದರೂ ಬೇಸಿಗೆಯಲ್ಲಿ ಮುಚ್ಚಿಡಬೇಡಿ ಅಂತಲೇ ಹೇಳುತ್ತೇನೆ. ಹಲವು ಲ್ಯಾಪ್‌ಟಾಪ್‌ಗಳ ಬಿಸಿ ಗಾಳಿ ಹಿಂಜ್ ಹತ್ತಿರದಿಂದ ಹೋಗುತ್ತದೆ.

ಮ್ಯಾಕ್‌ನಲ್ಲಿ ‘ಸಿಸ್ಟಮ್ ಸೆಟ್ಟಿಂಗ್ಸ್’ನ ‘ಡಿಸ್‌ಪ್ಲೇಸ್’ಗೆ ಹೋಗಿ ‘ಅರೇಂಜ್’ ಒತ್ತಿದರೆ ಇದೇ ಚೌಕಗಳು ಸಿಗುತ್ತವೆ.

ಎಂಟನೇ ಹೆಜ್ಜೆ: ಬೆಳಕು, ಬಣ್ಣ

ಹೊಸ ಮಾನಿಟರ್ ಡಬ್ಬಿಯಿಂದ ಬರುವಾಗ ಬ್ರೈಟ್‌ನೆಸ್ ಜಾಸ್ತಿಯೇ ಇರುತ್ತದೆ. ಒಂದು ಬಿಳಿ ಹಾಳೆಯನ್ನು ಸ್ಕ್ರೀನಿನ ಪಕ್ಕ ಹಿಡಿಯಿರಿ. ಸ್ಕ್ರೀನಿನ ಬಿಳಿ ದೀಪದಂತೆ ಹೊಳೆಯುತ್ತಿದ್ದರೆ ಇಳಿಸಿ, ಹಾಳೆಗಿಂತ ಮಂಕಾಗಿದ್ದರೆ ಏರಿಸಿ. ಎರಡೂ ಒಂದೇ ಅನ್ನಿಸುವ ಕಡೆ ನಿಲ್ಲಿಸಿ. ರಾತ್ರಿ ಮತ್ತೆ ಇಳಿಸಬೇಕು. ಪ್ರತಿ ಸಲ ಮಾನಿಟರ್ ಕೆಳಗಿನ ಬಟನ್ ತಡಕುವುದು ಬೇಜಾರು ಅನ್ನುವವರಿಗೆ ವಿಂಡೋಸ್‌ನಲ್ಲಿ ‘ಟ್ವಿಂಕಲ್ ಟ್ರೇ’ ಅನ್ನುವ ಉಚಿತ ಆ್ಯಪ್ ಇದೆ, ಮೂಲೆಯಿಂದಲೇ ಎಳೆದು ಬದಲಿಸಬಹುದು. ಬೆಳಕು-ಕತ್ತಲಿನ ವ್ಯತ್ಯಾಸ ಹೆಚ್ಚಿಸಿ ತೋರಿಸುವ ‘ಎಚ್‌ಡಿಆರ್’ ಸೆಟ್ಟಿಂಗ್ ಆಫ್ ಇರಲಿ. ಕಡಿಮೆ ಬೆಲೆಯ ಮಾನಿಟರ್‌ಗಳಲ್ಲಿ ಅದನ್ನು ಹಾಕಿದರೆ ಬಣ್ಣ ಮಂಕಾಗುತ್ತದೆ.

ಮಾಮೂಲಿ ಧೂಳಿಗೆ ಒಣ ಮೈಕ್ರೋಫೈಬರ್ ಬಟ್ಟೆ. ಗಣಿ ಕಡೆಯ ಕೆಂಪು ಧೂಳು ಸಣ್ಣ ಕಲ್ಲಿನ ಪುಡಿ, ಒತ್ತಿ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಮೆತ್ತನೆ ಬ್ರಷ್‌ನಿಂದ ಉದುರಿಸಿ, ಆಮೇಲೆ ಬಟ್ಟೆಯನ್ನು ಲೇಸಾಗಿ ಒದ್ದೆ ಮಾಡಿ ಒರೆಸಿ. ಕಿಟಕಿ ಗಾಜಿನ ಸ್ಪ್ರೇ ಬೇಡ.

ಏನಾದರೂ ಕೈಕೊಟ್ಟರೆ

‘ನೋ ಸಿಗ್ನಲ್’ ಬಂದರೆ ಮಾನಿಟರ್‌ನ ಮೆನುವಿನಲ್ಲಿ ಇನ್‌ಪುಟ್ ಸರಿ ಇದೆಯಾ ನೋಡಿ. ಕೇಬಲ್ ಮಾನಿಟರ್‌ನ ಎರಡನೇ ಎಚ್‌ಡಿಎಂಐ ಪೋರ್ಟ್‌ನಲ್ಲಿದ್ದು, ಮಾನಿಟರ್ ಮೊದಲನೆಯದನ್ನು ಹುಡುಕುತ್ತಿರಬಹುದು. ಅದಲ್ಲದಿದ್ದರೆ ಬೇರೆ ಕೇಬಲ್ ಹಾಕಿ ನೋಡಿ.

ಮಾನಿಟರ್ ಹಾಕಿದ ಕೂಡಲೇ ಲ್ಯಾಪ್‌ಟಾಪ್ ಸೌಂಡ್ ಬಂದ್ ಆಯಿತಾ? ಎಚ್‌ಡಿಎಂಐ ಸೌಂಡನ್ನೂ ಒಯ್ಯುತ್ತದೆ, ಹಲವು ಮಾನಿಟರ್‌ಗಳಿಗೆ ಸ್ಪೀಕರ್ ಇರುವುದಿಲ್ಲ. ಮೂಲೆಯ ಸ್ಪೀಕರ್ ಚಿತ್ರ ಒತ್ತಿ ಔಟ್‌ಪುಟ್ ಬದಲಿಸಿ.

ಕಪ್ಪು ಬಣ್ಣ ಬೂದಿ ಬಣ್ಣದಂತೆ ಕಂಡರೆ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ‘ಲಿಮಿಟೆಡ್ ರೇಂಜ್’ ಇರಬಹುದು, ‘ಫುಲ್’ ಮಾಡಿ. ಟಿವಿಯಲ್ಲಿ ಚಿತ್ರದ ಅಂಚು ಕತ್ತರಿಸಿದರೆ ಟಿವಿಯ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಹುಡುಕಿ.

ಹಳೆಯ ಅಕೌಂಟ್ಸ್ ಸಾಫ್ಟ್‌ವೇರ್ ಮಾತ್ರ ಮಸುಕು, ಉಳಿದದ್ದೆಲ್ಲ ಚೂಪು ಅಂದರೆ ತಪ್ಪು ಮಾನಿಟರ್‌ನದ್ದಲ್ಲ. ಆ ಪ್ರೋಗ್ರಾಂನ ಐಕಾನ್ ಮೇಲೆ ರೈಟ್ ಕ್ಲಿಕ್, ‘ಪ್ರಾಪರ್ಟೀಸ್’, ‘ಕಂಪ್ಯಾಟಿಬಿಲಿಟಿ’, ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’. ಅಲ್ಲಿ ಕೆಳಗಿನ ಡಬ್ಬಕ್ಕೆ ಟಿಕ್ ಹಾಕಿ ‘ಅಪ್ಲಿಕೇಶನ್’ ಆರಿಸಿ.

ಕೂಲರ್ ಅಥವಾ ಫ್ಯಾನ್ ಸ್ವಿಚ್ ಹಾಕಿದಾಗೆಲ್ಲ ಸ್ಕ್ರೀನ್ ಒಂದು ಕ್ಷಣ ಕಪ್ಪಾಗುತ್ತದೆ ಅನ್ನುವವರು ಇಲ್ಲಿ ಕಡಿಮೆ ಇಲ್ಲ. ಸ್ವಿಚ್‌ನ ಕಿಡಿ ಕೇಬಲ್‌ನ ಸಿಗ್ನಲ್ಲನ್ನು ಕದಡುತ್ತದೆ. ಕೂಲರ್ ಬೇರೆ ಪ್ಲಗ್ಗಿಗೆ ಹಾಕಿ, ಎಚ್‌ಡಿಎಂಐ ಕೇಬಲ್ ಗಿಡ್ಡದು, ದಪ್ಪನೆಯದು ತನ್ನಿ.

ಎಲ್ಲ ಸರಿ ಇದ್ದೂ ಸ್ಕ್ರೀನ್ ಹೆಪ್ಪುಗಟ್ಟಿದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ‘ಬಿ’ ಒತ್ತಿ. ಒಂದು ಸದ್ದಾಗಿ ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ತೆರೆದ ಫೈಲ್‌ಗಳಿಗೆ ಏನೂ ಆಗುವುದಿಲ್ಲ. ಪೋರ್ಟೇ ಸತ್ತಿದ್ದರೆ ಮದರ್‌ಬೋರ್ಡ್ ಬದಲಿಸಲು ಓಡುವ ಮುಂಚೆ ಮಾಮೂಲಿ ಯುಎಸ್‌ಬಿ ಪೋರ್ಟ್‌ನಿಂದಲೇ ಮಾನಿಟರ್‌ಗೆ ಚಿತ್ರ ಕಳಿಸುವ, ‘ಡಿಸ್‌ಪ್ಲೇಲಿಂಕ್’ ಚಿಪ್ ಇರುವ ಅಡಾಪ್ಟರ್ ಕೇಳಿ ನೋಡಿ. ಡ್ರೈವರ್ ಹಾಕಿಕೊಳ್ಳಬೇಕು, ಗೇಮ್‌ಗೆ ಆಗದು. ಲೆಕ್ಕಪತ್ರ, ಮೇಲ್, ಟೈಪಿಂಗ್‌ಗೆ ಸಾಕು.